270ನೇ ಪುಟಕ್ಕೆ ಬಂದಿಳಿದ ಸೋದರಳಿಯ

ಈಗಷ್ಟೇ ಒಂದು ಕೋಜಿ ಮಿಸ್ಟರಿ, ಅಂದ್ರೆ ರಕ್ತಪಾತ ತೋರಿಸದ ಹಗುರ ಪತ್ತೇದಾರಿ ಕಾದಂಬರಿ, ಮುಗಿಸಿ ಮಂಚದ ಮೇಲೆ ಎಸೆದೆ. ಹೆಸರು ಬೇಡ ಬಿಡಿ, ಬರೆದವರ ಹೊಟ್ಟೆಪಾಡು. ಒಟ್ಟು 290 ಪುಟ. ಕೊಲೆಗಾರ ಮುಖ ತೋರಿಸೋದು 270ಕ್ಕೆ. ಸತ್ತವಳ ಸೋದರಳಿಯ, ಅಲ್ಲಿಯವರೆಗೂ ಆಸ್ಟ್ರೇಲಿಯಾದಲ್ಲಿದ್ದನಂತೆ. ಅಂತೆ!

ನನಗೆ ಈ ಪುಸ್ತಕಗಳ ಹುಚ್ಚು ಎಷ್ಟು ಅಂತ ಇಲ್ಲಿರೋರಿಗೆ ಗೊತ್ತು. ಪುಟ್ಟ ಊರು, ಬೇಕರಿ, ಬೆಕ್ಕು, ಎಲ್ಲರ ಮನೆ ವಿಚಾರಕ್ಕೂ ಮೂಗು ತೂರಿಸೋ ಒಬ್ಬ ಅಜ್ಜಿ. ಮೂರನೇ ಅಧ್ಯಾಯದೊಳಗೆ ಹೆಣ ಬೀಳಬೇಕು, ರಕ್ತ ಮಾತ್ರ ಕಾಣಬಾರದು. ಮೂವತ್ತು ಮನೆಯ ಊರಲ್ಲಿ ವರ್ಷಕ್ಕೆ ಐದು ಕೊಲೆ ಆದ್ರೂ ಯಾರೂ ಮನೆ ಮಾರಿಕೊಂಡು ಹೋಗಲ್ಲ. ಇನ್‌ಸ್ಪೆಕ್ಟರ್ ಸಾಹೇಬ್ರು ಪೋಸ್ಟ್‌ಮಾರ್ಟಂ ವರದಿಯನ್ನ ಅಜ್ಜಿ ಮನೆಗೇ ಬಂದು ಓದಿ ಹೇಳ್ತಾರೆ. ನಮ್ಮ ಮೈಸೂರಲ್ಲಾದ್ರೆ "ಅಮ್ಮಾ, ನೀವು ಹೊರಗೆ ಕೂತ್ಕೊಳಿ" ಅಂತಿದ್ರು. ಇದೆಲ್ಲಾ ಮಾಫಿ. ಸುಳಿವೇ ಕೊಡದೆ ಕೊಲೆಗಾರನ್ನ ಹಿಡಿದು ತೋರಿಸೋದಕ್ಕೆ ಮಾತ್ರ ಮಾಫಿ ಇಲ್ಲ.

ರೊನಾಲ್ಡ್ ನಾಕ್ಸ್ ಅನ್ನೋ ಪಾದ್ರಿ 1929ರಲ್ಲೇ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಬರೆದಿಟ್ಟ. ಮೊದಲನೆಯದೇ ಇದು: ಅಪರಾಧಿ ಕಥೆಯ ಶುರುವಿನಲ್ಲೇ ಬಂದಿರಬೇಕು.

ಪತ್ತೇದಾರಿ ಕಾದಂಬರಿ ಬರೆದ ನಮ್ಮ ಅಗಾಥಾ ಕ್ರಿಸ್ಟಿ ಅಜ್ಜಿಯ ಕೈಚಳಕ ನೋಡಿ. ಮೊದಲ ಮಹಾಯುದ್ಧದ ಹೊತ್ತಲ್ಲಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ದುಡಿದಾಕೆ. 1920ರಲ್ಲಿ ಬಂದ ಮೊದಲ ಕಾದಂಬರಿಯಲ್ಲಿ (ನೂರು ವರ್ಷ ದಾಟಿದೆ, ಗುಟ್ಟು ಒಡೆದೆ ಅಂತ ಜಗಳಕ್ಕೆ ಬರಬೇಡಿ) ಟಾನಿಕ್‌ನಲ್ಲಿ ಸ್ಟ್ರಿಕ್ನಿನ್ ಇರುತ್ತೆ, ನಮ್ಮ ಕಾಸರಕನ ಬೀಜದ ವಿಷ. ಅದಕ್ಕೆ ನಿದ್ದೆ ಬರಿಸೋ ಬ್ರೋಮೈಡ್ ಪುಡಿ ಬಿದ್ರೆ ವಿಷ ಹರಳುಗಟ್ಟಿ ತಳಕ್ಕೆ ಕೂರುತ್ತೆ. ದಿನಾ ಕುಡಿದ್ರೂ ಏನೂ ಆಗಲ್ಲ, ಕೊನೇ ಗುಟುಕಿಗೆ ಎಲ್ಲಾ ಒಟ್ಟಿಗೆ. ಆ ಪುಡಿಯ ಖಾಲಿ ಡಬ್ಬಿಯನ್ನ ಅಜ್ಜಿ ಮೊದಲೇ ನಮ್ಮ ಮುಂದೆ ಇಟ್ಟಿರ್ತಾಳೆ. ದಡ್ಡರು ನಾವು. ಹಾಗೆ ಸೋಲೋದೇ ನನಗಿಷ್ಟ, ನಿಜ ಹೇಳ್ತೀನಿ.

ಹೀಗೆ ಸುಳಿವನ್ನ ಕಣ್ಣೆದುರೇ ಬಚ್ಚಿಡೋದೇನು ಬ್ರಹ್ಮವಿದ್ಯೆ ಅಲ್ಲ. ಸರಸ್ವತಿಪುರಂನ ಒಂದು ಮನೆ ಅಂದ್ಕೊಳ್ಳಿ. ಬೆಳಿಗ್ಗೆ ಏಳು. ಗೇಟಿಗೆ ಸಿಕ್ಕಿಸಿದ ಪೇಪರ್, ಒಂದು ಜೊತೆ ಚಪ್ಪಲಿ, ಹೊಸಲ ಮುಂದೆ ರಂಗೋಲಿ, ಪಕ್ಕದಲ್ಲೇ ಹಾಲಿನ ಪ್ಯಾಕೆಟ್, ಹಗ್ಗದ ಮೇಲೆ ಟವಲ್. ಇಷ್ಟು ಒಂದೇ ಉಸಿರಲ್ಲಿ ಹೇಳಿ, ತಕ್ಷಣ ಪಕ್ಕದ ಮನೆಯವರ ಪಾರ್ಕಿಂಗ್ ಜಗಳ ಎತ್ತಬೇಕು. ಓದೋರು ಜಗಳದ ಹಿಂದೆ ಹೋಗ್ತಾರೆ. ಕೊನೆಗೆ ಕಥೆಯ ಪತ್ತೇದಾರಿ ಅಜ್ಜಿ ಕೇಳ್ತಾಳೆ: ನೀರು ಚಿಮುಕಿಸಿ ರಂಗೋಲಿ ಬಿಟ್ಟ ಮನೆಯಾಕೆ ಹಾಲು ಯಾಕೆ ಒಳಗೆ ತಗೊಂಡು ಹೋಗ್ಲಿಲ್ಲ? ಹಾಗಾದ್ರೆ ರಂಗೋಲಿ ಬಿಟ್ಟೋರು ಯಾರು? ಸುಳಿವು ಪಟ್ಟಿಯ ಮೊದಲಲ್ಲೋ ಕೊನೆಯಲ್ಲೋ ಇದ್ರೆ ಕಣ್ಣಿಗೆ ಹೊಡೆಯುತ್ತೆ, ನಡುವೆ ಇರಬೇಕು. ಜಗಳ ಎತ್ತೋದು ಒಂದು ಪುಟ ತಡವಾದ್ರೂ ಕೆಟ್ಟಿತು, ಓದೋರಿಗೆ ಯೋಚಿಸೋಕೆ ಬಿಡುವು ಸಿಕ್ಕಿಬಿಡುತ್ತೆ. ಇಷ್ಟು ಮಾಡೋಕೆ ಸೋಮಾರಿತನ, ಆಸ್ಟ್ರೇಲಿಯಾದಿಂದ ಸೋದರಳಿಯನ್ನ ಕರೆಸೋಕೆ ಇಲ್ಲ!

"ಮನಸ್ಸು ಹಗುರ ಆಗ್ಲಿ ಅಂತ ಓದೋದು, ಅದಕ್ಕೂ ಲೆಕ್ಕಾಚಾರ ಯಾಕೆ" ಅಂತ ಯಾರಾದ್ರೂ ಬರ್ತೀರಿ, ಗೊತ್ತು. ಹಗುರ ಬೇಕಾದ್ರೆ ಪುಸ್ತಕದ ಕೊನೆಗೆ ಕೊಟ್ಟಿರೋ ನಿಂಬೆಹಣ್ಣಿನ ಕೇಕಿನ ರೆಸಿಪಿ ಓದಿ ಸ್ವಾಮಿ. ಅದರಲ್ಲಾದ್ರೂ ಬೇಕಾದ ಸಾಮಾನೆಲ್ಲಾ ಮೊದಲೇ ಬರೆದಿದ್ದಾರೆ.