ಆಯಿಯ ಕೌದಿ ಇರುವುದು ಹೊದೆಯಲಿಕ್ಕೆ

ನಿನ್ನೆ ಊರಿಗೆ ಹೋದವಳು ಕಾಕಾನ ಹೊಸ ಮನೆಯ ಪಡಸಾಲೆಗೆ ಕಾಲಿಟ್ಟ ಕೂಡಲೇ ನಿಂತುಬಿಟ್ಟೆ. ಕಳೆದ ದೀಪಾವಳಿಗೆ ನಾನು ಆಯಿಯ, ಅಂದರೆ ನಮ್ಮ ಅಜ್ಜಿಯ, ಹಳೆಯ ಸೀರೆಗಳಿಂದ ಹೊಲಿದು ಕೊಟ್ಟಿದ್ದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಗಾಜಿನ ಚೌಕಟ್ಟಿನಲ್ಲಿ ಕೂರಿಸಿ ಗೋಡೆಗೆ ಹಾಕಿದ್ದರು. ಮೇಲೊಂದು ಪುಟ್ಟ ದೀಪ, ಕೆಳಗೆ ಆಯಿಯ ಹೆಸರು. "ಎಷ್ಟ ಚಂದ ಇಟ್ಟೇವಿ ನೋಡವಾ" ಎಂದು ಕಾಕು ಪ್ರೀತಿಯಿಂದಲೇ ಹೇಳಿದರು. ಅವರೆದುರು ಆಡಲಾಗದೆ ಉಳಿದ ಮಾತನ್ನು ಈಗ ಬರೆಯುತ್ತಿದ್ದೇನೆ. ನನಗೆ ಸಿಟ್ಟು ಬಂದಿದೆ.

ನಮ್ಮ ಆಯಿ ಎಂಥವಳೆಂದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಬಟ್ಟೆ ಸುಮ್ಮನೆ ಬಿದ್ದಿರುವುದು ಅವಳಿಗೆ ಸೇರುತ್ತಿರಲಿಲ್ಲ. ಅಜ್ಜನ ಧೋತರ ಸವೆದರೆ ಕೌದಿಯ ಒಳಪದರವಾಗುತ್ತಿತ್ತು, ಕುಪ್ಪಸ ಬಿಗಿಯಾದರೆ ಅದರ ಗುಳೇದಗುಡ್ಡದ ಖಣ ಮೇಲಿನ ತುಂಡಾಗುತ್ತಿತ್ತು. ಹತ್ತಿ ತುಂಬುವ ಮಾತೇ ಇಲ್ಲ. ಹಳೆಯ ಬಟ್ಟೆಗಳನ್ನು ಪದರದ ಮೇಲೆ ಪದರ ಹಾಸಿ, ಬೆರಳಗಲದ ಅಂತರದಲ್ಲಿ ಸಾಲು ಹಿಡಿದು ಹೊಲಿಯುತ್ತಿದ್ದಳು. ಬೇಸಗೆಯ ಮಧ್ಯಾಹ್ನ ಓಣಿಯ ಹೆಣ್ಣುಮಕ್ಕಳು ನಾಲ್ಕೂ ಬದಿಗೆ ಕುಳಿತರೆ ಸಂಜೆಯೊಳಗೆ ಅರ್ಧ ಕೌದಿ ಮುಗಿಯುತ್ತಿತ್ತು. "ಹೊದ್ದಷ್ಟೂ ಮೆತ್ತಗಾಗತೈತಿ, ಹೊದೀರಿ" ಎಂದು ಅವಳು ಹೇಳುತ್ತಿದ್ದುದು ಕಾಕಾನಿಗೂ ನೆನಪಿರಲೇಬೇಕು.

ಈ ಕೌದಿಗೆ ಅವಳ ಏಳು ಇಳಕಲ್ ಸೀರೆಗಳನ್ನು ಬಳಸಿದೆ. ಅವಳು ಹೋದ ಮೇಲೆ ಎರಡು ವರ್ಷ ನಾನು ಆ ಪೆಟ್ಟಿಗೆಯ ಮುಚ್ಚಳವನ್ನೇ ತೆಗೆದಿರಲಿಲ್ಲ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ತೆಗೆದರೆ ಅವಳ ವಾಸನೆ ಆರಿಹೋಗುತ್ತದೆಂಬ ಹೆದರಿಕೆ ಇತ್ತು. ಕೊನೆಗೆ ಒಂದು ದಿನ ಅವ್ವ ನನ್ನ ಕೈಗೆ ಒಂದು ಸೀರೆಯನ್ನು ಕೊಟ್ಟು, ಇನ್ನೊಂದು ತುದಿಯನ್ನು ತಾನು ಹಿಡಿದಳು. ಹಳೆಯ ಬಟ್ಟೆಗೆ ಕತ್ತರಿ ಬೇಕಿಲ್ಲ, ಅಂಚಿಗೊಂದು ಕಚ್ಚು ಹಾಕಿ ಎಳೆದರೆ ಸಾಕು. ಪರ್ರನೆ ಹರಿದ ಆ ಸದ್ದಿಗೆ ನಾವಿಬ್ಬರೂ ಅತ್ತೆವು. ಅತ್ತು, ಮುಂದಿನ ಸೀರೆ ಎತ್ತಿಕೊಂಡೆವು.

ಟೋಪ ತೆನಿ ಎಂಬ ವಿನ್ಯಾಸದ ಕೆಂಪು ಬಿಳುಪಿನ ಸೆರಗು ಸೀರೆಯ ಮೈಯನ್ನು ಕೂಡುವಲ್ಲಿ ಮಾತ್ರ ಕೈ ನಿಂತಿತು. ಇಳಕಲ್ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಬೆಳಕಿಗೆ ಹಿಡಿದರೆ ಬೆರಳಿಗೆ ಬೆರಳು ಸಿಕ್ಕಿಸಿ ನಿಂತ ಸಾಲಿನಂತೆ ಕಾಣುತ್ತದೆ. ಆ ಭಾಗವನ್ನು ಹರಿಯದೆ ಇಡಿಯಾಗಿ ಉಳಿಸಿ ಕೌದಿಯ ನಟ್ಟ ನಡುವೆ ಇಟ್ಟೆ, ಹೊದ್ದವರ ಎದೆಯ ಮೇಲೆ ಬರಲಿ ಎಂದು. ಗಾಜಿನೊಳಗಿನ ಮಡಿಕೆಯಲ್ಲಿ ಈಗ ಅದೇ ಕಾಣುತ್ತಿಲ್ಲ.

ಹೊದ್ದರೆ ಹರಿಯುತ್ತದೆ, ಒಗೆದರೆ ಬಣ್ಣ ಹೋಗುತ್ತದೆ, ಮೊಮ್ಮಕ್ಕಳಿಗೆ ಏನು ಉಳಿಯುತ್ತದೆ ಎಂದು ಕಾಕು ಕೇಳುತ್ತಾರೆ. ಹರಿಯಲಿ, ಕಾಕು. ಹರಿದ ಕಡೆ ತೇಪೆ ಬೀಳುತ್ತದೆ. ತೇಪೆಯೂ ಹಿಡಿಯದಾದಾಗ ಆ ಕೌದಿಯೇ ಹೊಸ ಕೌದಿಯ ಹೊಟ್ಟೆಯೊಳಗೆ ಸೇರುತ್ತದೆ. ಆಯಿ ಹೊಲಿದ ಕೌದಿಗಳ ಒಳಗೆ ಅವಳ ಅತ್ತೆಯ ಕೌದಿಗಳಿದ್ದವು. ಗಾಜಿನೊಳಗೆ ಈ ಸಾಲು ನಿಂತುಹೋಗುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿಗಳನ್ನು ಪ್ರದರ್ಶನಗಳಲ್ಲಿ ಗೋಡೆಗೇ ಹಾಕುತ್ತಾರಲ್ಲ ಎಂದು ತಮ್ಮ ವಾದಿಸಿದ. ಅಂಚಿನಿಂದ ಸುತ್ತು ಸುತ್ತಾಗಿ ನಡುವಿನ ಕಡೆಗೆ ಹೊಲಿಯುತ್ತ ಬಂದು, ಮೂಲೆಗಳಿಗೆ ಮಡಚಿದ ಬಟ್ಟೆಯ ಹೂ ಇಡುವ ಆ ಕೈಚಳಕವನ್ನು ಜನ ನೋಡಬೇಕು, ತಕ್ಕ ಬೆಲೆ ಹೊಲಿದವರ ಕೈ ಸೇರಬೇಕು. ಅದು ಅವರ ದುಡಿಮೆ. ಕಾಕಾನ ಮನೆಯಲ್ಲಿರುವುದು ಆಯಿಯ ಸೀರೆ, ಆ ಮನೆಯಲ್ಲಿ ಚಳಿಗೆ ಮುದುಡಿ ಮಲಗುವ ಎರಡು ಮಕ್ಕಳಿದ್ದಾರೆ.

ಹೊರಡುವಾಗ ಕಾಕಾನ ಕಿರಿಯ ಮೊಮ್ಮಗಳು ಗಾಜಿನ ಮೇಲೆ ಅಂಗೈ ಊರಿ ನಿಂತಿದ್ದಳು. "ಮುಟ್ಟಬ್ಯಾಡ, ಕಲಿ ಬೀಳ್ತಾವು" ಎಂದು ಕಾಕು ಅವಳ ಕೈ ಹಿಡಿದು ಸರಿಸಿದರು. ಆಯಿಯ ಬಟ್ಟೆಯನ್ನು ಆಯಿಯ ಮರಿಮಗಳು ಮುಟ್ಟುವ ಹಾಗಿಲ್ಲ.

ಪೆಟ್ಟಿಗೆಯಲ್ಲಿ ಇನ್ನೂ ಮೂರು ಸೀರೆಗಳಿವೆ. ಬರುವ ಭಾನುವಾರ ಅವ್ವನೂ ನಾನೂ ಕುಳಿತು ಹರಿಯುತ್ತೇವೆ. ಸಣ್ಣ ಕೌದಿಯಾದೀತು, ಆ ಹುಡುಗಿಯ ಅಳತೆಗೆ ಸಾಕು. ಅದನ್ನು ಕಾಕುವಿನ ಕೈಗೆ ಕೊಡುವುದಿಲ್ಲ, ರಾತ್ರಿ ಅಲ್ಲೇ ಉಳಿದು ನಾನೇ ಅವಳಿಗೆ ಹೊದಿಸಿ ಬರುತ್ತೇನೆ.