ತರಗತಿಯಲ್ಲಿ ಮೊಬೈಲ್: ಕಲಿಕೆಗೆ ಒದಗುತ್ತದೆಯೇ?

ಪರ

ಬಟ್ಟೆಚೀಲದೊಳಗೆ ಮೊಬೈಲ್ ಇಟ್ಟು, ಚೀಲಕ್ಕೆ ದಾರ ಕಟ್ಟಿ, ಬಾಗಿಲ ಚೌಕಟ್ಟಿನಿಂದ ಇಳಿಬಿಟ್ಟು ಮೆಲ್ಲಗೆ ತಳ್ಳಿ. ಲೋಲಕ ಸಿದ್ಧವಾಯಿತು. ಫೋನಿನೊಳಗಿನ ಜೈರೋಸ್ಕೋಪ್, ಅಂದರೆ ತಿರುಗುವಿಕೆಯನ್ನು ಅಳೆಯುವ ಪುಟ್ಟ ಸಾಧನ, ಪ್ರತಿ ತೂಗಾಟವನ್ನೂ ದಾಖಲಿಸುತ್ತದೆ. ಇಳಿಸಿ ನೋಡಿದರೆ ಪರದೆಯ ತುಂಬ ಅಲೆಗಳು. ದಾರ ಒಂದು ಮೀಟರ್ ಇದ್ದರೆ ಒಂದು ಅಲೆಗೆ ಸುಮಾರು 2 ಸೆಕೆಂಡು, ಕಾಲು ಮೀಟರಿಗೆ ಇಳಿಸಿದರೆ 1 ಸೆಕೆಂಡು. ಉದ್ದ ಕಾಲು ಭಾಗಕ್ಕೆ ಇಳಿದರೂ ಕಾಲ ಅರ್ಧಕ್ಕೇ ನಿಂತದ್ದು ಯಾಕೆ? ಈ ಪ್ರಶ್ನೆ ಮಗುವಿನ ಬಾಯಿಂದಲೇ ಬಂತೆಂದರೆ ಕಾಲ ಬದಲಾಗುವುದು ಉದ್ದದ ವರ್ಗಮೂಲಕ್ಕೆ ತಕ್ಕಂತೆ ಎಂಬ ಸೂತ್ರವನ್ನು ಉರು ಹೊಡೆಸಬೇಕಾಗಿಲ್ಲ.

ಇದಕ್ಕೆ ಬೇಕಾದ ಫೈಫಾಕ್ಸ್ ಎಂಬ ಆ್ಯಪ್ ಜರ್ಮನಿಯ ಆಖೆನ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ತಯಾರಾದದ್ದು, ಉಚಿತ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ಟೂ ಬೇಡ. ಪ್ರಯೋಗಾಲಯವೇ ಇಲ್ಲದ ಶಾಲೆಗೆ ಇದು ಸಣ್ಣ ಮಾತಲ್ಲ. ಕಣ್ಣು ಕಾಣದ ವಿದ್ಯಾರ್ಥಿಗೆ ಫೋನ್ ಪಾಠವನ್ನು ಓದಿ ಹೇಳುತ್ತದೆ, ಕಿವಿ ಕೇಳಿಸದವರಿಗೆ ಮೇಷ್ಟರ ಮಾತನ್ನು ಅಕ್ಷರವಾಗಿಸುತ್ತದೆ. ಅಂಥ ಮಗುವಿನ ಕೈಯಿಂದ ಅದನ್ನು ಕಸಿದುಕೊಳ್ಳುವ ನಿಯಮವನ್ನು ನಾನಂತೂ ಒಪ್ಪಲಾರೆ.

ವಿರೋಧ

ಅದೇ ಲೋಲಕದ ಪಾಠ. ಅಲೆ ಮೂಡುತ್ತಿರುವಾಗಲೇ ಪರದೆಯ ಮೇಲಂಚಿನಲ್ಲಿ ಒಂದು ಮೆಸೇಜ್ ಇಣುಕುತ್ತದೆ. ಫೋನಿನ ಒಡೆಯನ ಹೆಬ್ಬೆರಳು ತಾನಾಗಿಯೇ ಅತ್ತ ಹೋಗುತ್ತದೆ, ಪಕ್ಕದವನ ಕಣ್ಣೂ ಅಲ್ಲಿಗೇ. ಹೀಗೆ ಚದುರಿದ ಗಮನ ಪಾಠಕ್ಕೆ ಮರಳಲು 20 ನಿಮಿಷದವರೆಗೂ ಹಿಡಿಯಬಹುದು ಎಂದು ಯುನೆಸ್ಕೋದ 2023ರ ವರದಿ ಹೇಳಿದೆ. 45 ನಿಮಿಷದ ಪೀರಿಯಡ್‌ನಲ್ಲಿ ಎರಡು ಸಲ ಹೀಗಾದರೆ ಉಳಿಯುವುದೇನು?

ಫ್ರಾನ್ಸ್ 2018ರಲ್ಲೇ ಕಾನೂನು ತಂದು ಕಿರಿಯರ ಶಾಲೆಗಳಲ್ಲಿ ಫೋನ್ ಬಳಕೆ ನಿಷೇಧಿಸಿತು. ಇಂಗ್ಲೆಂಡಿನ ಶಾಲೆಗಳ ಬಗ್ಗೆ 2015ರಲ್ಲಿ ಬಂದ ಅಧ್ಯಯನವೊಂದರಲ್ಲಿ, ನಿಷೇಧದಿಂದ ಹೆಚ್ಚು ಲಾಭವಾದದ್ದು ಓದಿನಲ್ಲಿ ಹಿಂದಿದ್ದವರಿಗೆ. ಸ್ವೀಡನ್ನಿನಲ್ಲಿ ಅಂಥದೇ ಅಧ್ಯಯನಕ್ಕೆ ಈ ಲಾಭ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ನನ್ನ ತಕರಾರು ಅಂಕಗಳದ್ದಷ್ಟೇ ಅಲ್ಲ.

ನಾಲ್ವರ ಗುಂಪಿನಲ್ಲಿ ಫೋನ್ ಇಲ್ಲದ ಹುಡುಗಿಯನ್ನು ಗಮನಿಸಿ. ಚೀಲ ತೂಗಿಬಿಡುವವನು ಒಬ್ಬ, ಪರದೆ ಒತ್ತುವವನು ಇನ್ನೊಬ್ಬ. ಇವಳ ಪಾಲಿಗೆ ಬರುವುದು ಪೆನ್ನು: ಅವರು ಕೂಗಿದ ಅಂಕಿಗಳನ್ನು ನೀಟಾಗಿ ಬರೆದುಕೊಳ್ಳುವ ಕೆಲಸ. ಮುಂದಿನ ವಾರವೂ ಅದೇ. ವರದಿಯಲ್ಲಿ ಎಲ್ಲರಿಗಿಂತ ಅಂದದ ಅಕ್ಷರ ಇವಳದ್ದೇ, ಆದರೆ ಒಮ್ಮೆಯೂ ಅಳತೆ ಮಾಡಿದವಳಲ್ಲ. 'ನಿಮ್ಮ ನಿಮ್ಮ ಫೋನ್ ತನ್ನಿ' ಎಂಬ ಒಂದು ಮಾತಿನಿಂದ ಮನೆಯ ಬಡತನ ತರಗತಿಯೊಳಗೆ ಬಂದು ಕೂತುಬಿಡುತ್ತದೆ. ಇದು ನನ್ನನ್ನು ಗಮನ ಚದುರುವುದಕ್ಕಿಂತ ಹೆಚ್ಚು ಕಾಡುತ್ತದೆ.

ಫೋನು ಉಪಕರಣವೇ ಆಗಿದ್ದರೆ ಅದರ ಜಾಗ ಮಕ್ಕಳ ಜೇಬಲ್ಲ, ತಕ್ಕಡಿ, ಭೂತಗನ್ನಡಿ ಇರುವ ಕಪಾಟು. ಯಾರೋ ಬಳಸಿಬಿಟ್ಟ ಐದಾರು ಹಳೆಯ ಫೋನುಗಳು, ಸಿಮ್ ತೆಗೆದು, ನಂಬರ್ ಅಂಟಿಸಿ ಇಟ್ಟವು. ಜೈರೋಸ್ಕೋಪ್ ಕೆಲಸ ಮಾಡಲು ಸಿಮ್ ಬೇಕಿಲ್ಲ. ಅಂಥದೊಂದು ಫೋನು ಕೈಗೆ ಬಂದ ದಿನ ಆ ಹುಡುಗಿಯೇ ಚೀಲ ಕಟ್ಟಲಿ, ಅಂಕಿಗಳನ್ನು ಅವಳು ಕೂಗಲಿ, ಉಳಿದ ಮೂವರು ಬರೆದುಕೊಳ್ಳಲಿ.