ಜಗ್ಗಿನ ಕಾಗುಣಿತ

“ಹೊಟ್ಟೆ ತುಂಬ ಒಳ್ಳೇ ಹೆಂಡ ತುಂಬು ನನಗೆ, ಗೆಳೆಯರು ಕೂಡಿದಾಗ ಅದೇ ಚೆಂದ. ಆದರೆ ಜೋಪಾನ ಮಾರಾಯ, ಬೀಳಿಸಬೇಡ. ಬಿದ್ದರೆ ಹೆಂಡವೂ ಹೋಯಿತು, ಜಗ್ಗೂ ಹೋಯಿತು.”

ನಮ್ಮ ಮನೆಯ ಕಪಾಟಿನಲ್ಲಿ ಕೂತಿರುವ ಒಂದು ಮಣ್ಣಿನ ಜಗ್ ಹೇಳುವ ಮಾತಿದು. ಅದು ಇಂಗ್ಲಿಷಿನಲ್ಲಿ ಪ್ರಾಸ ಕಟ್ಟಿ ಹೇಳುತ್ತದೆ, ಮಾರಾಯ ಅಂದಿದ್ದು ನಾನು. ಇಂಗ್ಲೆಂಡಿನ ನಾರ್ತ್ ಡೆವನ್ ಕಡೆಯ ಜಗ್. ಬಿಡ್‌ಫರ್ಡ್, ಬಾರ್ನ್‌ಸ್ಟೇಪಲ್, ಫ್ರೆಮಿಂಗ್ಟನ್ ಎಂಬ ಅಕ್ಕಪಕ್ಕದ ಊರುಗಳ ಕುಂಬಾರರು ತಲೆತಲಾಂತರದಿಂದ ಇಂಥವನ್ನು ಮಾಡುತ್ತಿದ್ದರು. ‘ಹಾರ್ವೆಸ್ಟ್ ಜಗ್’ ಅನ್ನುತ್ತಾರೆ. ಸುಗ್ಗಿ ಜಗ್ ಅಂದುಕೊಳ್ಳಿ.

ನಾನು ಬ್ರಿಸ್ಟಲ್‌ಗೆ ಕೆಲಸಕ್ಕೆ ಅಂತ ಬಂದವನು, ಹಳೇ ಮಡಕೆ ಕೊಳ್ಳಲಿಕ್ಕಲ್ಲ. ಒಂದು ರಜೆಯಲ್ಲಿ ಸಮುದ್ರ ನೋಡೋಣ ಅಂತ ಬಿಡ್‌ಫರ್ಡಿಗೆ ಹೋದೆವು. ಇಲ್ಲಿನ ರೂಢಿಯಂತೆ ಮಳೆ ಹಿಡಿಯಿತು. ಒದ್ದೆಯಾಗುವುದು ಬೇಡ ಅಂತ ಅಲ್ಲಿನ ಬರ್ಟನ್ ಗ್ಯಾಲರಿಯೊಳಗೆ ನುಗ್ಗಿದೆವು. ಆರ್.ಜೆ. ಲಾಯ್ಡ್ ಎಂಬ ಕಲಾವಿದ ಕೂಡಿಸಿದ ಮಣ್ಣಿನ ಪಾತ್ರೆಗಳು ಗಾಜಿನ ಹಿಂದೆ ಸಾಲಾಗಿ ನಿಂತಿದ್ದವು. ಕಾಯಿಸಿದ ತುಪ್ಪದ ಬಣ್ಣ. ಒಂದೊಂದರ ಹೊಟ್ಟೆಯ ಮೇಲೂ ಹಡಗು, ಸೂರ್ಯಕಾಂತಿ, ಹಕ್ಕಿ, ಸಿಂಹ. ರಾಜಲಾಂಛನದ ಯೂನಿಕಾರ್ನ್ ಎಂಬ ಒಂಟಿಕೊಂಬಿನ ಕುದುರೆ ಅಂತೂ ಪಕ್ಕಾ ಕೊಂಬಿರುವ ಮೇಕೆ. ಅದರ ಕೆಳಗೆ ಹೆಸರು, ತಾರೀಖು, ನಾಲ್ಕು ಸಾಲು ಪದ್ಯ. ಪದ್ಯ ಓದಲು ಬಗ್ಗಿದವನು ಅಲ್ಲೇ ಸಿಕ್ಕಿಕೊಂಡೆ. ಪದಕ್ಕೊಂದು ಕಾಗುಣಿತದ ತಪ್ಪು!

1775ರ ಏಪ್ರಿಲ್ 28 ಅಂತ ತಾರೀಖು ಹಾಕಿದ ಬಿಡ್‌ಫರ್ಡಿನ ಒಂದು ಜಗ್ ಇದೆ. ಸುಗ್ಗಿ ಬಂತು, ಗಂಡಸರು ಬೆವರು ಸುರಿಸಿ ದುಡಿಯುವಾಗ ಊಟಕ್ಕಿಂತ ಒಳ್ಳೇ ಏಲ್ ಎಂಬ ಬಿಯರ್ ಎಷ್ಟೋ ಮೇಲು ಅಂತ ಅದರ ಪದ್ಯ. ‘ಲೇಬರ್’ ಪದದಲ್ಲಿ ‘ಓ’, ‘ಯು’ ಎರಡು ಅಕ್ಷರ ಇರಬೇಕಾದ ಕಡೆ ಕುಂಬಾರ ಒಂದು ‘ಇ’ ಹಾಕಿ ಮುಗಿಸಿದ್ದಾನೆ. ಬೆವರಿನ ‘ಸ್ವೆಟ್’ನಿಂದ ‘ಎ’ ಹಾರಿಹೋಗಿದೆ. ಊಟ ಅನ್ನುವ ಅರ್ಥದ ‘ಮೀಟ್’ಗೆ ಎರಡು ‘ಇ’ ಬಂದು ಅದು ಭೇಟಿಯಾಗುವ ‘ಮೀಟ್’ ಆಗಿದೆ. ಅಂದರೆ ಭೇಟಿಗಿಂತ ಹೆಂಡ ಮೇಲು. ಬೆಳಗಿಂದ ಸಂಜೆವರೆಗೆ ಆಫೀಸಿನ ಮೀಟಿಂಗುಗಳಲ್ಲಿ ಕೂರುವ ನನಗೆ ಇದು ತಪ್ಪು ಅಂತ ಅನ್ನಿಸಲೇ ಇಲ್ಲ.

ಪಾಪ, ಅವನನ್ನು ಬೈಯುವ ಹಾಗೂ ಇಲ್ಲ. ಬರೆಯುವ ಕಷ್ಟ ನೋಡಿ. ಫ್ರೆಮಿಂಗ್ಟನ್‌ನ ಕೆಂಪು ಜೇಡಿಮಣ್ಣಿನಲ್ಲಿ ಜಗ್ ಎತ್ತಬೇಕು. ಬಿಳಿ ಜೇಡಿಯನ್ನು ನೀರಿನಲ್ಲಿ ಕದಡಿ ದೋಸೆ ಹಿಟ್ಟಿಗಿಂತ ಸ್ವಲ್ಪ ತೆಳ್ಳಗೆ ಮಾಡಿಕೊಂಡು ಜಗ್ಗಿನ ಮೇಲೆ ಹುಯ್ಯಬೇಕು. ಈ ಹಿಟ್ಟೇ ಸ್ಲಿಪ್. ಅದು ಪೂರ್ತಿ ಒಣಗಬಾರದು, ಹಸಿಯಾಗಿಯೂ ಇರಬಾರದು, ಚರ್ಮದ ಹದಕ್ಕೆ ಬರಬೇಕು. ಆಗ ಚೂಪು ಕಡ್ಡಿ ಹಿಡಿದು ಗೀಚಿದರೆ ಬಿಳಿ ಹೋಗಿ ಕೆಳಗಿನ ಕೆಂಪು ಕಾಣುತ್ತದೆ. ಮೇಲೆ ಸೀಸದ ಅದಿರಿನ ಮೆರುಗು ಹಚ್ಚಿ ಸುಟ್ಟರೆ ಬಿಳಿ ಭಾಗ ತುಪ್ಪದ ಬಣ್ಣಕ್ಕೆ ತಿರುಗುತ್ತದೆ. ಇಷ್ಟರಲ್ಲಿ ಅಳಿಸುವ ಮಾತೇ ಇಲ್ಲ. ಗೀಚಿದ್ದು ಗೀಚಿದ್ದೇ. ಅದೂ ಗುಂಡನೆಯ ಹೊಟ್ಟೆಯ ಮೇಲೆ! ಸಾಲಿನ ಶುರುವಿನಲ್ಲಿ ದೊಡ್ಡ ಅಕ್ಷರ, ಕೊನೆಗೆ ಬರುವಷ್ಟರಲ್ಲಿ ಜಾಗ ಸಾಲದೆ ಅಕ್ಷರಗಳೆಲ್ಲ ಸಿಟಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತ ಹಾಗೆ ಒತ್ತಿಕೊಂಡು, ಹಿಡಿಯ ಬುಡಕ್ಕೆ ಬಂದು ನಿಲ್ಲುತ್ತವೆ.

ಇಂಗ್ಲೆಂಡಿನ ನಡುಭಾಗದ ಸ್ಟಾಫರ್ಡ್‌ಶೈರಿನ ಕುಂಬಾರರದು ಬೇರೆ ದಾರಿ. ಅವರು ಗೀಚುವವರಲ್ಲ, ಜಿಲೇಬಿ ಬಿಡುವ ಹಾಗೆ ಸ್ಲಿಪ್ಪನ್ನು ಎಳೆ ಎಳೆಯಾಗಿ ಬಿಟ್ಟು ಚಿತ್ರ ಬರೆಯುವವರು. 1670, 80ರ ದಶಕದಲ್ಲಿ ಥಾಮಸ್ ಟಾಫ್ಟ್ ಎಂಬವನು ದೊಡ್ಡ ದೊಡ್ಡ ತಟ್ಟೆಗಳ ಅಂಚಿನಲ್ಲಿ ತನ್ನ ಹೆಸರನ್ನೇ ಬರೆಯುತ್ತಿದ್ದ. ಕೈಚಳಕಕ್ಕೆ ಅವನನ್ನು ಮೀರಿಸಿದವರು ಕಡಿಮೆ, ಒಪ್ಪಿಕೊಳ್ಳುತ್ತೇನೆ. ಆದರೂ ನನ್ನ ಓಟು ಡೆವನ್‌ಗೇ.

ಕಾರಣ ನಮ್ಮಮ್ಮನ ಅಡುಗೆಮನೆ. ನಮ್ಮಲ್ಲಿ ಸ್ಟೀಲ್ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಕಿರ್ರ್ ಅಂತ ಸದ್ದು ಮಾಡುವ ಪೆನ್ನಿನಂಥ ಮಿಷನ್ನಿನಲ್ಲಿ ಹೆಸರು ಕೊರೆಸುತ್ತಾರಲ್ಲ, ಚುಕ್ಕಿ ಚುಕ್ಕಿಯಾಗಿ? ಯಾರು ಯಾರಿಗೆ ಕೊಟ್ಟಿದ್ದು, ಯಾವ ಶುಭಕಾರ್ಯ, ಯಾವ ತಾರೀಖು, ಎಲ್ಲ ಒಂದು ಲೋಟದ ಮೇಲೆ. ನಮ್ಮ ಮನೆಯ ಲೋಟವೊಂದರ ಮೇಲೆ ‘ಗ್ರಹಪ್ರವೇಶ’ ಅಂತ ಇದೆ. ಅಪ್ಪ ಕಟ್ಟಿಸಿದ್ದು ಎರಡು ರೂಮಿನ ಮನೆ. ಕೊರೆದವನ ಪ್ರಕಾರ ನಾವು ಪ್ರವೇಶಿಸಿದ್ದು ಗುರುವನ್ನೋ ಶನಿಯನ್ನೋ. ಡೆವನ್ನಿನ ಜಗ್‌ಗಳನ್ನೂ ಎಷ್ಟೋ ಸಲ ಹೀಗೇ ಮದುವೆಗೆ, ಉಡುಗೊರೆಗೆ ಅಂತ ಹೆಸರು ಬರೆಸಿ ಮಾಡಿಸುತ್ತಿದ್ದರು. ಗಾಜಿನ ಹಿಂದೆ ಅವನ್ನು ನೋಡಿದಾಗ ಅಪರಿಚಿತರ ಮನೆಗೆ ಹೋದ ಹಾಗೆ ಅನ್ನಿಸಲಿಲ್ಲ.

ಹುಚ್ಚು ಹತ್ತಿತು. ಮೊದಲ ಜಗ್ ಕೊಂಡಿದ್ದು ಹಳ್ಳಿಯೊಂದರ ಹರಾಜಿನಲ್ಲಿ. ಅದರ ಮೇಲೆ 1766 ಅಂತ ಇತ್ತು, ಬೇಕಾದಷ್ಟು ತಪ್ಪುಗಳೂ ಇದ್ದವು. ಖುಷಿಯಿಂದ ಕೈ ಎತ್ತಿದೆ, ಎತ್ತುತ್ತಲೇ ಹೋದೆ. ಮನೆಗೆ ತಂದು ಎರಡು ತಿಂಗಳಾದ ಮೇಲೆ ಬಲ್ಲವರೊಬ್ಬರು ಅದನ್ನು ತಲೆಕೆಳಗು ಮಾಡಿ ತಳದ ಮೇಲೆ ಹೆಬ್ಬೆರಳು ಆಡಿಸಿದರು. ಇನ್ನೂರೈವತ್ತು ವರ್ಷ ಮೇಜು, ಕಲ್ಲು, ನೆಲದ ಮೇಲೆ ಎಳೆದಾಡಿದ ಪಾತ್ರೆಯ ತಳ ಸವೆದಿರಬೇಕು, ಅಲ್ವಾ? ಇದರದ್ದು ನಿನ್ನೆ ಒಲೆಯಿಂದ ಇಳಿದ ಹಾಗಿತ್ತು. ಯಾರೋ ಹಳೇ ಜಗ್ ಎದುರಿಗಿಟ್ಟುಕೊಂಡು ಪದ್ಯ, ತಾರೀಖು ಎಲ್ಲ ಇಳಿಸಿದ್ದರು. ಇಂಥವು ಬೇಕಾದಷ್ಟಿವೆ. ಮೋಸ ಮಾಡಲೆಂದೇ ಮಾಡಿದವು ಕೆಲವು, ಪ್ರವಾಸಿಗರಿಗೆ ನೆನಪಿನ ಕಾಣಿಕೆ ಅಂತ ಮಾಡಿದವು ಕೆಲವು. ದುಡ್ಡು ಹೋದದ್ದಕ್ಕಿಂತ ಜಾಸ್ತಿ ನೊಂದದ್ದು ಯಾವುದಕ್ಕೆ ಗೊತ್ತಾ? ಆ ಪುಣ್ಯಾತ್ಮ ಕಾಗುಣಿತದ ತಪ್ಪನ್ನೂ ನೋಡಿ ನಕಲು ಮಾಡಿದ್ದ. ಪರೀಕ್ಷೆಯಲ್ಲಿ ಪಕ್ಕದವನ ತಪ್ಪು ಲೆಕ್ಕವನ್ನೂ ಕಾಪಿ ಹೊಡೆದ ಹಾಗೆ. ಈಗ ಅದರಲ್ಲಿ ಈರುಳ್ಳಿ ಇಡುತ್ತೇವೆ.

ಈರುಳ್ಳಿಯಾದರೂ ಇಡಬಹುದು. ಅಸಲಿ ಹಳೇ ಜಗ್ಗಿನಲ್ಲಿ ಕುಡಿಯುವುದನ್ನು ಇಡುವ ಹಾಗಿಲ್ಲ. ಮೆರುಗಿನಲ್ಲಿರುವುದು ಸೀಸ, ಹುಳಿ ಸೇರಿದರೆ ಬಿಟ್ಟುಕೊಳ್ಳುತ್ತದೆ. ಡೆವನ್ನಿನವರು ಕುಡಿಯುತ್ತಿದ್ದುದೋ ಸೈಡರ್ ಎಂಬ ಸೇಬಿನ ಹುಳಿ ಹೆಂಡ! ಅಲ್ಲಿ ಸೈಡರ್ ಕುಡಿದವರಿಗೆ ವಿಪರೀತ ಹೊಟ್ಟೆನೋವು ಬಂದು ‘ಡೆವನ್ ಕಾಲಿಕ್’ ಅಂತಲೇ ಹೆಸರಾಗಿತ್ತು. ಅದು ಸೀಸದ ಕೆಲಸ ಅಂತ ಜಾರ್ಜ್ ಬೇಕರ್ ಎಂಬ ವೈದ್ಯರು 1767ರಲ್ಲಿ ತೋರಿಸಿದರು. ಅವರು ಬೊಟ್ಟು ಮಾಡಿದ್ದು ಸೇಬು ಹಿಂಡುವ ಗಾಣಗಳಲ್ಲಿದ್ದ ಸೀಸದತ್ತ. ಆದರೂ ನಮ್ಮ ಜಗ್ ಪೂರಾ ಸಾಚಾ ಅಂತ ನಾನು ಆಣೆ ಮಾಡಲಾರೆ. ಹೊಲದ ಆಳುಗಳಿಗೆ ಕೂಲಿಯ ಒಂದು ಪಾಲನ್ನು ಸೈಡರ್ ರೂಪದಲ್ಲೇ ಕೊಡುವ ಪದ್ಧತಿ ಬೇರೆ ಇತ್ತು. ಅದಕ್ಕೆ ಕಾನೂನಿನ ತಡೆ ಬಿದ್ದದ್ದು 1887ರಲ್ಲಿ. ಹೊಲಕ್ಕೆ ಹೋಗುತ್ತಿದ್ದವು ಬಹುಶಃ ಬರಹವಿಲ್ಲದ ಸಾದಾ ಜಗ್‌ಗಳೇ. ಅವಕ್ಕೂ ಅಳತೆಗೊಂದು ಹೆಸರು: ಲಾಂಗ್ ಟಾಮ್, ಗಲ್ಲಿಮೌತ್, ಪಿಂಚ್‌ಗಟ್. ಉದ್ದ ತಿಮ್ಮ, ಬಚ್ಚಲು ಬಾಯಿ, ಹೊಟ್ಟೆ ಚಿವುಟ. ನಮ್ಮ ಊರಿನಲ್ಲಿ ಮನುಷ್ಯರಿಗೆ ಇಡುವ ಅಡ್ಡಹೆಸರುಗಳು ಇವು!

ಕುಡಿಯುವ ಹಾಗಿಲ್ಲದ ಜಗ್ ಇಟ್ಟುಕೊಂಡು ಏನು ಮಾಡುತ್ತೀರಿ ಅಂತ ಹೆಂಡತಿ ಕೇಳುತ್ತಾಳೆ. ನಾನು ಗೂಬೆಯ ಕಥೆ ಹೇಳುತ್ತಿದ್ದೆ. 1990ರಲ್ಲಿ ಹಳೇ ವಸ್ತುಗಳ ಬೆಲೆ ಕಟ್ಟುವ ಟೀವಿ ಕಾರ್ಯಕ್ರಮಕ್ಕೆ ಒಬ್ಬರು ಗೂಬೆಯ ಆಕಾರದ ಜಗ್ ತಂದರು. ತಲೆ ಕಳಚಿದರೆ ಅದೇ ಲೋಟ. ಸ್ಟಾಫರ್ಡ್‌ಶೈರಿನ ಸ್ಲಿಪ್ ಕೆಲಸ, ಮುನ್ನೂರು ವರ್ಷದ ಹಿಂದಿನದು. ಮನೆಯವರು ಅದರಲ್ಲಿ ಹೂವು ಇಡುತ್ತಿದ್ದರು. ಬೆಲೆ ಇಪ್ಪತ್ತು ಸಾವಿರ ಪೌಂಡಿನ ಮೇಲೆ ಅಂದಾಗ ಅವರಿಗೆ ನಂಬಲಿಕ್ಕೇ ಆಗಲಿಲ್ಲ. ಆ ಗೂಬೆ ಈಗ ಸ್ಟೋಕ್-ಆನ್-ಟ್ರೆಂಟ್‌ನ ಮ್ಯೂಸಿಯಮ್ಮಿನಲ್ಲಿದೆ. ಕಥೆ ಕೇಳಿದ ಹೆಂಡತಿ, “ಅವರು ಕೊಂಡಿರಲಿಲ್ಲ, ಇದ್ದದ್ದನ್ನ ಮಾರಿದರು. ನೀವು ಮಾರ್ತೀರಾ?” ಅಂದಳು. ಆ ಕಥೆ ಈಗ ಹೇಳುವುದಿಲ್ಲ.

ಮೊದಲೇ ಹೇಳಿದ ಜಗ್ ಮಾತ್ರ ಅಸಲಿ. ತಳ ಸವೆದಿದೆ, ಬಾಯಂಚು ಚಕ್ಕೆ ಎದ್ದಿದೆ. ಹಿಡಿ ಎಂದೋ ಮುರಿದು, ತಂತಿಯ ಹೊಲಿಗೆ ಹಾಕಿಸಿಕೊಂಡಿದೆ. ಎರಡೂ ಕಡೆ ಸಣ್ಣ ತೂತು ಕೊರೆದು, ಕಾಗದಕ್ಕೆ ಸ್ಟೇಪಲ್ ಹೊಡೆದ ಹಾಗೆ ಮೂರು ಲೋಹದ ಕೊಂಡಿ. ಮುಟ್ಟಿದರೆ ಬೆರಳಿಗೆ ತಣ್ಣಗೆ ಸಿಗುತ್ತವೆ. ಮುರಿದಿದ್ದಕ್ಕೇ ನನ್ನ ಕೈಗೆಟುಕಿತು ಅನ್ನಿ.

ಕಳೆದ ತಿಂಗಳು ಅಮ್ಮ ವಿಡಿಯೋ ಕಾಲ್‌ನಲ್ಲಿ ಅದನ್ನು ನೋಡಿಬಿಟ್ಟರು. ಒಡೆದ ಪಾತ್ರೆ ಮನೇಲಿ ಇಡಬಾರದು ಅಂತ ಶುರು. ಎಷ್ಟು ಕೊಟ್ಟೆ ಅಂದರು. ಒಂದು ಸೊನ್ನೆ ಕಡಿಮೆ ಮಾಡಿ ಹೇಳಿದೆ. ಅದಕ್ಕೂ ಬೈದರು. ಮಾತು ತಿರುಗಿಸಲಿಕ್ಕೆ ಜಗ್ಗನ್ನು ಕ್ಯಾಮೆರಾ ಹತ್ತಿರ ಹಿಡಿದು, ಪದ್ಯವನ್ನು ಓದಿ, ಕನ್ನಡದಲ್ಲಿ ಅರ್ಥ ಹೇಳಿದೆ. ಅಮ್ಮ ಕನ್ನಡಕ ಏರಿಸಿಕೊಂಡು ಹಿಡಿಯ ಕೊಂಡಿಗಳನ್ನೇ ನೋಡುತ್ತಾ ಇದ್ದರು.

“ಅಷ್ಟು ಬರೆದು ಹೇಳಿದ್ರೂ ಬೀಳಿಸಿದಾರಲ್ಲೋ,” ಅಂದರು.